ಫಾಸ್ಟರ್‌ಗೆ ಬಂದ ಮುಧೋಳ ನಾಯಿ ವಾಷಿಂಗ್ ಮಷೀನ್ ಹಿಂದಿನಿಂದ ಆಚೆಗೇ ಬರ್ತಿಲ್ಲ. ಏನ್ ಮಾಡ್ಲಿ?

ಸಂಪಿಗೆ_ಮರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ನಮ್ದು ವಿದ್ಯಾರಣ್ಯಪುರ, ನೆಲಮಹಡಿ ಬಾಡಿಗೆ ಮನೆ. ಮನೇಲಿ ನಾನು, ನಮ್ಮೆಜಮಾನ್ರು, ಅತ್ತೆ. ಗಣೇಶನ ಹಬ್ಬದ ಗಲಾಟೆ ಮುಗಿದ ಮೇಲೆ ರೆಸ್ಕ್ಯೂ ಮಾಡೋರೊಬ್ರು ಒಂದು ಹೆಣ್ಣು ಮುಧೋಳ ನಾಯೀನ ಫಾಸ್ಟರ್‌ಗೆ, ಅಂದ್ರೆ ಕಾಯಂ ಮನೆ ಸಿಗೋವರೆಗೆ ನೋಡ್ಕೊಳ್ಳೋಕೆ, ಬಿಟ್ಟು ಹೋಗಿದ್ದಾರೆ. ಎರಡು ಎರಡೂವರೆ ವರ್ಷ ಇರಬಹುದು. ಊರಾಚೆ ಯಾರದೋ ತೋಟದಲ್ಲಿ ಬರೀ ಮರಿ ಹಾಕಿಸೋಕೆ ಅಂತ ಕಟ್ಟಿಹಾಕಿದ್ರಂತೆ, ಆಮೇಲೆ ಬೇಡ ಅಂತ ರಸ್ತೆಗೆ ಬಿಟ್ಟಿದ್ದಾರೆ. ಚುಕ್ಕಿ ಅಂತ ಕರೀತಿದ್ದೀವಿ.

ಬಂದಾಗಿಂದ ವಾಷಿಂಗ್ ಮಷೀನು ಮತ್ತು ಗೋಡೆ ನಡುವಿನ ಸಂದಿಯಲ್ಲೇ ಇದ್ದಾಳೆ. ಮೂಗನ್ನ ನೆಲಕ್ಕೆ ಒತ್ಕೊಂಡು, ಕಣ್ಣು ಮಾತ್ರ ಹೊರಳಿಸ್ತಾಳೆ. ಕುಕ್ಕರ್ ವಿಷಲ್ ಹೊಡೆದ್ರೆ ಮೈಯೆಲ್ಲ ನಡುಗುತ್ತೆ. ಅತ್ತೆ ಪೊರಕೆ ಹಿಡಿದು ಆ ಕಡೆ ಹೋದ್ರೆ ಮಲಗಿದಲ್ಲೇ ಉಚ್ಚೆ. ಎಲ್ಲರೂ ಮಲಗಿ ದೀಪ ಆರಿಸಿದ ಮೇಲೆ ಎದ್ದು ಬಂದು ಊಟ ಮಾಡ್ತಾಳೆ. ಬೆಳಿಗ್ಗೆ ನೋಡಿದ್ರೆ ಬಟ್ಟಲು ಖಾಲಿ, ಹಾಲ್‌ನಲ್ಲಿ ಒಂದು ಕಡೆ ಕಕ್ಕ. ಅಷ್ಟೇ ನಮ್ಮ ಪರಿಚಯ.

ಹೊರಗೆ ವಾಕಿಂಗ್ ಕರ್ಕೊಂಡು ಹೋಗಬೇಕಾ ಬೇಡ್ವಾ? ಯಜಮಾನ್ರು "ನಾಲ್ಕು ದಿನ ಎಳ್ಕೊಂಡು ಹೋದ್ರೆ ತಾನಾಗೇ ರೂಢಿ ಆಗುತ್ತೆ" ಅಂತಾರೆ. ಪಕ್ಕದಲ್ಲಿ ಕೂತು ಮೈ ಸವರಲಾ, ಪೂರ್ತಿ ಬಿಟ್ಟುಬಿಡಲಾ? ಇದರ ಮೇಲೆ ದೀಪಾವಳಿ ಬೇರೆ ಬರ್ತಿದೆ.

ಕಂತ್ರಿ_ಅಭಿಮಾನಿ
ಎಳೀಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಬಾಸ್_ಹನುಮ
ಮೇಡಂ, ನಿಮ್ಮೆಜಮಾನ್ರು ಸರಿಯಾಗೇ ಹೇಳ್ತಿದ್ದಾರೆ. ನಾಯಿಗೆ ಯಜಮಾನ ಯಾರು ಅಂತ ಮೊದಲ ವಾರದಲ್ಲೇ ತೋರಿಸಬೇಕು. ನಮ್ಮನೆಗೂ ಹೀಗೇ ಹೆದರುಪುಕ್ಕಲು ನಾಯಿ ಬಂದಿತ್ತು. ಚೈನ್ ಹಾಕಿ ಸೀದಾ ಸಂತೆಗೆ ಕರ್ಕೊಂಡು ಹೋದೆ. ಮೊದಲು ಒದ್ದಾಡ್ತು, ಒಂದು ವಾರಕ್ಕೆ ತೆಪ್ಪಗಾಯ್ತು. ಈಗ ಎಲ್ಲಿ ನಿಲ್ಲಿಸಿದ್ರೂ ಕಮಕ್ ಕಿಮಕ್ ಅನ್ನಲ್ಲ. ನೀವು ಮುದ್ದು ಮಾಡ್ತಾ ಕೂತ್ರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತೆ.

ಬಾಲಂಗೋಚಿ
@ಬಾಸ್_ಹನುಮ ತೆಪ್ಪಗಾಯ್ತು ಅನ್ನೋದೇ ಚಿಂತೆ ಮಾಡಬೇಕಾದ ವಿಷಯ ಸರ್. 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಅನ್ನೋ ಇಬ್ಬರು ಅಮೆರಿಕದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದ್ರು. ಈಗಿನ ಕಾಲದಲ್ಲಿ ಯಾರೂ ಒಪ್ಪಲಾರದಷ್ಟು ಕ್ರೂರ ಪ್ರಯೋಗ. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲದ ಹಾಗೆ ಶಾಕ್ ಕೊಟ್ಟ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಸುಲಭವಾಗಿ ಹಾರಿ ಪಾರಾಗೋ ಜಾಗದಲ್ಲಿ ಬಿಟ್ರೂ ಹಾರಲಿಲ್ಲ. ಮಲಗಿ ಶಾಕ್ ತಿಂದ್ವು. ಏನ್ ಮಾಡಿದ್ರೂ ಪ್ರಯೋಜನ ಇಲ್ಲ ಅಂತ ಕೈಚೆಲ್ಲಿ ಕೂತ ನಾಯಿ ಹೊರಗಿನಿಂದ ನೋಡೋರಿಗೆ ಬಹಳ ಶಿಸ್ತಾಗಿ ಕಾಣುತ್ತೆ. ಕಮಕ್ ಕಿಮಕ್ ಅನ್ನಲ್ಲ.

ಸಂಪಿಗೆಯವರೇ, ನಾನು ತರಬೇತಿ ಕೊಡೋ ಕೆಲಸದಲ್ಲೇ ಇದ್ದೀನಿ. ರಾತ್ರಿ ಕೂತು ಬರೀತೀನಿ. ಅಲ್ಲೀವರೆಗೆ ಒಂದೇ ಕೆಲಸ: ಆ ಸಂದಿಯಿಂದ ಎಬ್ಬಿಸಬೇಡಿ, ಅಲ್ಲಿಗೆ ಕೈ ಹಾಕಬೇಡಿ.

ಬಾಸ್_ಹನುಮ
ಪುಸ್ತಕ ಓದಿದೋರಿಗೆಲ್ಲ ನಮಸ್ಕಾರ. ತೋಳಗಳ ಗುಂಪಲ್ಲೂ ಒಬ್ಬ ನಾಯಕ ಇರ್ತಾನೆ, ಅದು ಪ್ರಕೃತಿ.

ಕಂತ್ರಿ_ಅಭಿಮಾನಿ
ಆ ತೋಳದ ಕಥೆ ಹಬ್ಬಿಸಿದವರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ಕೂಡ ಒಬ್ಬರು. 1970ರಲ್ಲಿ ಪುಸ್ತಕ ಬರೆದ್ರು. ಆಮೇಲೆ ಕಾಡಿನ ತೋಳಗಳನ್ನ ವರ್ಷಗಟ್ಟಲೆ ನೋಡಿ, 1999ರಲ್ಲಿ ಅವರೇ "ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಕಳು, ನಾಯಕನ ಪಟ್ಟಕ್ಕೆ ಕಾದಾಟ ಅಂತೇನಿಲ್ಲ" ಅನ್ನೋ ಅರ್ಥದಲ್ಲಿ ಪ್ರಬಂಧ ಬರೆದ್ರು. ಹಳೇ ಪುಸ್ತಕ ಮತ್ತೆ ಅಚ್ಚು ಹಾಕಬೇಡಿ ಅಂತ ಪ್ರಕಾಶಕರ ಬೆನ್ನು ಬಿದ್ದಿದ್ರು. ಬರೆದವರೇ ವಾಪಸ್ ತಗೊಂಡದ್ದನ್ನ ನೀವ್ಯಾಕೆ ಸರ್ ಹೊತ್ಕೊಂಡು ತಿರುಗ್ತೀರಿ?

ರಾಗಿಮುದ್ದೆ
ಇವೆಲ್ಲ ಇರ್ಲಿ, ವಾಷಿಂಗ್ ಮಷೀನ್ ಹಿಂದೆ ನಾಯಿ ಇದ್ರೆ ಬಟ್ಟೆ ಎಲ್ಲಿ ಒಗೀತಿದ್ದೀರಾ?

ಸಂಪಿಗೆ_ಮರ
@ರಾಗಿಮುದ್ದೆ ಹಿತ್ತಲ ಒಗೆಯೋ ಕಲ್ಲಿನ ಮೇಲೆ 😭 ಒಂದ್ಸಲ ಮಷೀನ್ ಹಾಕಿದಾಗ ಸ್ಪಿನ್ ಶುರುವಾಗ್ತಿದ್ದಂಗೆ ಅವಳ ಹಲ್ಲು ಕಟಕಟ ಅನ್ನೋದು ಕೇಳಿಸ್ತು. ಆವತ್ತಿಂದ ಪ್ಲಗ್ ಕಿತ್ತಿಟ್ಟಿದ್ದೀನಿ. ಅತ್ತೆ ಮೂರ್ಹೊತ್ತೂ "ಹದಿನೆಂಟು ಸಾವಿರದ ಮಷೀನು ನಾಯಿಗೆ ಮಂಟಪ ಆಯ್ತು" ಅಂತಾರೆ.

ಮುಧೋಳದಾಂವ
ಅಕ್ಕಾರ, ನಮ್ಮ ಊರಿನ ನಾಯಿ ಅಂದ ಕೂಡ್ಲೆ ಓಡಿ ಬಂದೆ ನೋಡ್ರಿ. ಒಂದೆರಡು ಮಾತ ಹೇಳತೀನಿ.

ಮುಧೋಳ ನಾಯಿ ಹೊಸಾ ಮಂದಿ ಕೈ ಮೈಮ್ಯಾಲೆ ಬೀಳೂದ ಸೇರಂಗಿಲ್ಲ. ಚಲೋ ಬೆಳೆಸಿದ್ದ ನಾಯೀನೂ ಹಂಗ ದೂರ ನಿಂತ ನೋಡತೈತಿ. ಅದು ಅಂಜಿಕಿ ಅಲ್ಲ, ಅದರ ಸ್ವಭಾವ. ನಿಮ್ಮ ಚುಕ್ಕೀದು ಅಂಜಿಕಿ ಖರೇ, ಆದ್ರ ಅಂಜಿಕಿ ಹೋದ ಮ್ಯಾಲೂ ಆಕಿ ಲ್ಯಾಬ್ರಡಾರ್ ಗತೆ ಬಂದವರ ಮ್ಯಾಲೆಲ್ಲ ಬೀಳತಾಳ ಅಂತ ಕಾಯಬ್ಯಾಡ್ರಿ. ಇದು ಬ್ಯಾಟಿ ನಾಯಿ, ಕಣ್ಣಿಲೆ ಬ್ಯಾಟಿ ಆಡೂದು. ದೂರ ಏನರ ಅಲ್ಲಾಡಿದ್ರ ಸಾಕು, ಇದಕ್ಕ ಮೊದಲ ಕಾಣತೈತಿ. ನಿಮ್ಮ ಬೆಂಗಳೂರಾಗ ಏನ ಅಲ್ಲಾಡೂದಿಲ್ಲ ಹೇಳ್ರಿ?

ಇನ್ನೊಂದು. ಇದರ ಕುತ್ತಿಗಿ ತಲಿಗಿಂತ ದಪ್ಪ. ಸಾದಾ ಬೆಲ್ಟ್ ಹಾಕಿ ಹೊರಗ ಒಯ್ದ್ರಿ ಅಂದ್ರ ಹಿಂದಕ್ಕ ಒಂದ ಜಗ್ಗ ಜಗ್ಗಿ ಪಾರಾಗತೈತಿ. ಆಮ್ಯಾಲೆ ಹಿಡಿಯೂದು ನಿಮ್ಮಪ್ಪನ ಕೈಲೆ ಆಗೂದಿಲ್ಲ, ನಮ್ಮಪ್ಪನ ಕೈಲೆ ಆಗೂದಿಲ್ಲ.

ಕಡಲತಡಿ
ಹೌದು ಮಾರಾಯ್ರೆ, ಹೊರಗೆ ಕರ್ಕೊಂಡು ಹೋಗುವ ಮೊದಲು ಈ ತಪ್ಪಿಸಿಕೊಳ್ಳುವ ವಿಷಯ ನೋಡಿ. ನಮ್ಮಲ್ಲಿ ಸುರತ್ಕಲ್ ಹತ್ತಿರ ಫಾಸ್ಟರ್‌ಗೆ ಬಂದ ಒಂದು ನಾಯಿ ಗೇಟು ತೆಗೆದ ಕೂಡಲೇ ಹಾರಿತು. ಮನೆಯವರು ಹೆಸರು ಕೂಗಿಕೊಂಡು ಹಿಂದೆ ಓಡಿದ್ರು, ಅದು ಮತ್ತೂ ದೂರ ಓಡಿತು. ಹೆದರಿದ ನಾಯಿಗೆ ನಾವು ಕೂಗುವುದು ಕರೆ ಅಂತ ಕೇಳುವುದಿಲ್ಲ, ಅಟ್ಟಿಸಿಕೊಂಡು ಬರ್ತಿದ್ದಾರೆ ಅಂತಲೇ ಕೇಳುವುದು. ಕಡೆಗೆ ಅದು ಮಲಗುತ್ತಿದ್ದ ಗೋಣಿಚೀಲ, ಸ್ವಲ್ಪ ಒಣ ಮೀನು, ಗೇಟಿನ ಬಳಿ ಇಟ್ಟು ಎಲ್ಲರೂ ಒಳಗೆ ಹೋಗಿ ಕೂತ್ರು. ನಡುರಾತ್ರಿ ತಾನೇ ಬಂತು. ಫೋನ್ ನಂಬರ್ ಇರುವ ಟ್ಯಾಗ್ ಮನೆಯೊಳಗೂ ಕತ್ತಿನಲ್ಲೇ ಇರಲಿ.

ಜರ್ಮನಿಯ_ಜೋಳ
ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೀನಿ, ಮೂಲ ಧಾರವಾಡ. ಇಲ್ಲಿ ರೊಮೇನಿಯಾದ ಬೀದಿ ನಾಯಿಗಳನ್ನ ತಂದು ಮನೆ ಹುಡುಕಿ ಕೊಡ್ತಾರೆ. ನಮ್ಮನೇಲೂ ಒಂದಿದೆ. ಕೊಡುವಾಗ್ಲೇ ಷರತ್ತು: ಶುರುವಿನ ತಿಂಗಳುಗಳಲ್ಲಿ ಮೂರು ಪಟ್ಟಿಯ ಹಾರ್ನೆಸ್ ಕಡ್ಡಾಯ. ಒಂದು ಪಟ್ಟಿ ಕುತ್ತಿಗೆಗೆ, ಒಂದು ಎದೆಗೆ, ಮೂರನೇದು ಸೊಂಟದ ಸಣ್ಣ ಜಾಗದಲ್ಲಿ. ಆ ಮೂರನೇ ಪಟ್ಟಿ ಪಕ್ಕೆಲುಬು ದಾಟಿ ಮುಂದಕ್ಕೆ ಬರಲ್ಲ, ಹಾಗಾಗಿ ಹಿಂದಕ್ಕೆ ಜಗ್ಗಿದ್ರೂ ಕಳಚಲ್ಲ. ಮುಧೋಳದಂಥ ಎದೆ ಆಳ, ಸೊಂಟ ಸಣ್ಣ ಇರೋ ನಾಯಿಗೆ ಇದಕ್ಕಿಂತ ಒಳ್ಳೇದಿಲ್ಲ. ಜೊತೆಗೆ ಎರಡು ಲೀಶ್ (ಕೈಯಲ್ಲಿ ಹಿಡಿಯೋ ಹಗ್ಗ): ಒಂದು ಹಾರ್ನೆಸ್‌ಗೆ, ಇನ್ನೊಂದು ಎಳೆದಾಗ ಸ್ವಲ್ಪ ಬಿಗಿಯಾಗೋ ಥರದ ಬೆಲ್ಟ್‌ಗೆ. ಒಂದರ ತುದಿ ನಿಮ್ಮ ಸೊಂಟಕ್ಕೆ.

ನೇರ_ಮಾತು
ಊರಲ್ಲಿ ಮನುಷ್ಯರಿಗೇ ದಿಕ್ಕಿಲ್ಲ, ನಾಯಿಗೆ ಸೊಂಟಪಟ್ಟಿ. ಭೇಷ್.

ರಾಗಿಮುದ್ದೆ
@ನೇರ_ಮಾತು ಆ ದಿಕ್ಕಿಲ್ಲದ ಮನುಷ್ಯರಿಗೆ ನೀವೇನ್ ಮಾಡ್ತಿದ್ದೀರಿ ಅಂತ ಇನ್ನೊಂದು ಪೋಸ್ಟ್ ಹಾಕಿ, ಅಲ್ಲೂ ಬಂದು ಓದ್ತೀವಿ.

ಬಾಲಂಗೋಚಿ
ಹೇಳಿದ ಹಾಗೆ ಬರೀತಿದ್ದೀನಿ.

ಮೊದಲನೇದು, ಅವಳ ಅಡಗುತಾಣ. ಅದು ಅವಳಿಗೆ ಬೇಕು. ಆದ್ರೆ ಮಷೀನ್ ಸಂದಿ ಎರಡು ರೀತೀಲಿ ಕೆಟ್ಟ ಜಾಗ: ಒಳಗೆ ಹೋಗೋಕೂ ಹೊರಗೆ ಬರೋಕೂ ಒಂದೇ ಬಾಯಿ, ಅದರ ಜೊತೆಗೆ ಜನರ ಓಡಾಟ. ಮನೇಲಿ ಜನ ಕಮ್ಮಿ ಓಡಾಡೋ ಮೂಲೇಲಿ ಒಂದು ಟೇಬಲ್ ಹಾಕಿ, ಹಳೇ ಬೆಡ್‌ಶೀಟ್ ಇಳಿಬಿಡಿ, ಎರಡು ಕಡೆ ತೆರೆದಿರಲಿ. ರಾತ್ರಿ ಊಟದ ಬಟ್ಟಲನ್ನ ದಿನಾ ಸ್ವಲ್ಪ ಸ್ವಲ್ಪ ಆ ಕಡೆಗೆ ಸರಿಸ್ತಾ ಹೋಗಿ. ಅವಳಾಗಿ ಮನೆ ಬದಲಾಯಿಸಿದ ದಿನ ನಿಮ್ಮ ಬಟ್ಟೆ ಸಮಸ್ಯೆಯೂ ಮುಗೀತು.

ಎರಡನೇದು, ತಿಂಡಿ ತೋರಿಸಿ ಹತ್ತಿರ ಕರೀಬೇಡಿ. ಎಲ್ಲರೂ ಮಾಡೋದು ಇದನ್ನೇ. ಹಸಿವಿಗೆ ಕತ್ತು ಚಾಚ್ತಾಳೆ, ಬಾಯಿಗೆ ಲಿವರ್ ಬಿದ್ದ ತಕ್ಷಣ "ಅಯ್ಯೋ, ಇವಳ ಪಕ್ಕಾನೇ ಬಂದ್ಬಿಟ್ಟೆ" ಅಂತ ಗಾಬರಿ ಆಗುತ್ತೆ. ಕಚ್ಚೋದು ಇಂಥ ಹೊತ್ತಲ್ಲೇ. ಅದರ ಬದಲು ನೀವು ದೂರದಲ್ಲಿ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತ್ಕೊಳ್ಳಿ, ಫೋನ್ ನೋಡ್ತಾ ಇರಿ. ಬೇಯಿಸಿದ ಕೋಳಿ ಲಿವರ್ ಚೂರನ್ನ ಅವಳ *ಹಿಂದಕ್ಕೆ* ಬೀಳೋ ಹಾಗೆ ಎಸೀರಿ. ತಿನ್ನೋಕೆ ಅವಳು ನಿಮ್ಮಿಂದ ದೂರ ಹೋಗಬೇಕು. ತಿಂದು ತಿರುಗಿ ನೋಡಿದಾಗ ಒಂದು ಹೆಜ್ಜೆ ನಿಮ್ಮ ಕಡೆ ಬಂದ್ರೆ ಅದು ಅವಳ ಸ್ವಂತ ತೀರ್ಮಾನ. ಮತ್ತೆ ಹಿಂದಕ್ಕೇ ಎಸೀರಿ.

ಮೂರನೇದು, ಸದ್ದು. ಕುಕ್ಕರ್ ವಿಷಲ್ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಿಮಗೇ ಕೇಳಿಸೋದು ಕಷ್ಟ ಅನ್ನೋವಷ್ಟು ಸಣ್ಣ ದನಿಯಲ್ಲಿ ಹಾಕಿ. ಸದ್ದು ಮೊದಲು, ಅದರ ಬೆನ್ನಿಗೇ ಲಿವರ್. ಈ ಕ್ರಮ ತಿರುಗಾಮುರುಗಾ ಆಗಬಾರದು. ಲಿವರ್ ಮೊದಲು ಬಂದು ಆಮೇಲೆ ವಿಷಲ್ ಆದ್ರೆ, ಇನ್ನು ಮುಂದೆ ಲಿವರ್ ಕಂಡ್ರೂ ನಡುಗ್ತಾಳೆ. ಕಿವಿ ನೆಟ್ಟಗೆ ಮಾಡಿ "ಎಲ್ಲಿ ನನ್ನ ತಿಂಡಿ" ಅಂತ ನೋಡೋಕೆ ಶುರು ಮಾಡಿದ ಮೇಲೆ ದನಿ ಒಂದು ಗೆರೆ ಜಾಸ್ತಿ ಮಾಡಿ. ನಡುಗಿದ್ರೆ ಎರಡು ಗೆರೆ ಕಮ್ಮಿ. ಪೊರಕೆಗೂ ಇದೇ ಪಾಠ: ಮೊದಲು ದೂರದ ಗೋಡೆ ಬದಿ ಸುಮ್ನೆ ಮಲಗಿರೋ ಪೊರಕೆ, ಯಾರ ಕೈಲೂ ಇಲ್ಲದ್ದು. ಅತ್ತೆಯವರ ಕೈಗೆ ಬರೋದು ಬಹಳ ಆಮೇಲೆ.

ವಾಕಿಂಗ್ ಸದ್ಯಕ್ಕೆ ಬೇಡ. ನಿಮ್ಮದೇ ಕಾಂಪೌಂಡ್, ರಾತ್ರಿ ರಸ್ತೆ ಅಡಗಿದ ಮೇಲೆ, ಅದೂ ಹಾರ್ನೆಸ್ ಬಂದ ಮೇಲೆ.

ಜಯನಗರದಜ್ಜಿ
ನಮ್ಮ ಕಾಲದಲ್ಲಿ ನಾಯಿ ಅಂದ್ರೆ ಹಿತ್ತಲಲ್ಲಿ ಇರೋದು, ಉಳಿದ ಹುಳಿ ಅನ್ನ ತಿನ್ನೋದು, ಕಳ್ಳ ಬಂದ್ರೆ ಬೊಗಳೋದು. ಇಷ್ಟೊಂದು ಮನಸ್ಸು ಅದಕ್ಕಿದೆ ಅಂತ ಯಾರೂ ಹೇಳಿಕೊಡಲಿಲ್ಲಮ್ಮ. ಓದ್ತಾ ಇದ್ದೀನಿ, ಬರೀರಿ.

ರಾಗಿಮುದ್ದೆ
ಅಜ್ಜಿ, ಹುಳಿ ಅನ್ನ ಮಾತ್ರ ಹಾಕ್ಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗಳ ಕೆಂಪು ರಕ್ತಕಣ ಒಡೆದು ಹಾಕುತ್ತೆ. ಮುದ್ದೆ, ಮೊಸರನ್ನ, ಮೊಟ್ಟೆ ಪರವಾಗಿಲ್ಲ.

ಮುಧೋಳದಾಂವ
ಮುದ್ದಿ ಯಾಕ, ಜ್ವಾಳದ ರೊಟ್ಟಿ ಹಾಲಾಗ ಕಿವುಚಿ ಹಾಕ್ರಿ. ನಮ್ಮ ಕಡೆ ತಲಿಮಾರಿನಿಂದ ಅದನ್ನ ತಿಂದ ಓಡ್ಯಾವ.

ರಾಗಿಮುದ್ದೆ
ಹಾಲು ಎಷ್ಟೋ ದೊಡ್ಡ ನಾಯಿಗಳಿಗೆ ಜೀರ್ಣ ಆಗಲ್ಲ ಸ್ವಾಮಿ. ಮೊದಲೇ ಹಾಲ್‌ನಲ್ಲಿ ಕಕ್ಕ ಅಂತಿದ್ದಾರೆ, ನೀವು ಅದನ್ನೂ ನೀರು ಮಾಡ್ತೀರಿ.

ಮುಧೋಳದಾಂವ
ರೊಟ್ಟಿ ಬಗ್ಗೆ ಮಾತಾಡಿದ್ರ ಸುಮ್ಮನಿರತೀನಿ, ಹಾಲಿನ ಬಗ್ಗೆ ಮಾತಾಡಿದ್ರ ಅಷ್ಟ ನೋಡ್ರಿ 😄 ಇರಲಿ, ಮಜ್ಜಿಗಿ ಹಾಕ್ರಿ.

ಶಿವಮೊಗ್ಗ_ವೆಟ್
ಪಶುವೈದ್ಯ, ಸಣ್ಣ ಪ್ರಾಣಿಗಳ ಚಿಕಿತ್ಸೆ ಮಾಡ್ತೀನಿ. ಯಾರೂ ಹೇಳದ ಒಂದು ವಿಷಯ: ಮೊದಲು ಮೈಯಲ್ಲಿ ನೋವಿದೆಯಾ ನೋಡಿಸಿ. ಕಿವಿ ಸೋಂಕು, ಹಲ್ಲು ನೋವು, ಕೀಲು ನೋವು, ಉಣ್ಣಿ ಹುಳದಿಂದ ಬರೋ ಜ್ವರ, ಯಾವುದಿದ್ರೂ ನಾಯಿ ಮೂಲೆ ಸೇರುತ್ತೆ, ಮುಟ್ಟೋಕೆ ಬಿಡಲ್ಲ. ಸತತವಾಗಿ ಮರಿ ಹಾಕಿಸಿದ ಹೆಣ್ಣು ನಾಯಿ ಅಂದ್ರೆ ಗರ್ಭಕೋಶ, ಕೆಚ್ಚಲು ಕೂಡ ನೋಡಬೇಕು. ಮನೆಗೇ ಬರೋ ವೈದ್ಯರು ಸಿಕ್ಕರೆ ಮೊದಲು ಅವರು, ರಕ್ತಪರೀಕ್ಷೆ ಸ್ಕ್ಯಾನ್ ಬೇಕಾದ್ರೆ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ನಿಮಗೆ ಹತ್ತಿರ.

ಮಾತ್ರೆ ಬಗ್ಗೆ ಎರಡು ಮಾತು. ಇಷ್ಟು ತೀವ್ರ ಭಯ ಇರೋ ನಾಯಿಗೆ ಔಷಧಿ ಕೊಡೋದು ಸೋಲೂ ಅಲ್ಲ, ಮಂಪರು ಬರಿಸೋದೂ ಅಲ್ಲ. ಫ್ಲೂಆಕ್ಸೆಟಿನ್ (ಮನುಷ್ಯರ ಖಿನ್ನತೆಗೂ ಕೊಡೋ ಮಾತ್ರೆ) ಥರದ್ದು ದಿನಾ ಕೊಡಬೇಕು, ಪರಿಣಾಮ ಕಾಣೋಕೆ 4ರಿಂದ 6 ವಾರ ಹಿಡಿಯುತ್ತೆ. ಭಯ ಒಂದು ಹಂತಕ್ಕಿಳಿದ ಮೇಲೆ ಬಾಲಂಗೋಚಿ ಹೇಳಿದ ಪಾಠಗಳು ತಲೆಗೆ ಹೋಗ್ತವೆ. ಪಟಾಕಿ ರಾತ್ರಿಗೆ ಬೇರೆ ಮಾತ್ರೆಗಳಿವೆ: ಟ್ರಾಜೊಡೋನ್, ಗ್ಯಾಬಪೆಂಟಿನ್. ಡೋಸ್ ನಿಮ್ಮ ವೈದ್ಯರೇ ತೂಕ ನೋಡಿ ಬರೀಬೇಕು, ಇಲ್ಲಿ ಕೇಳಬೇಡಿ, ಹೇಳಲ್ಲ. ಹಬ್ಬಕ್ಕೆ ಮುಂಚೆ ಒಂದು ದಿನ ಕೊಟ್ಟು ಹೇಗೆ ಹಿಡಿಯುತ್ತೆ ಅಂತ ನೋಡಿಟ್ಕೊಳ್ಳಬೇಕು.

ಯಾರಾದ್ರೂ ಅಸೆಪ್ರೊಮಝೀನ್ ಅನ್ನೋ ಮಂಪರು ಮಾತ್ರೆ ಒಂದನ್ನೇ ಬರೆದುಕೊಟ್ರೆ ಪ್ರಶ್ನೆ ಕೇಳಿ. ಅದು ಕೈಕಾಲು ಸೋಲಿಸುತ್ತೆ, ಭಯ ಹಾಗೇ ಇರುತ್ತೆ. ನೋಡೋರಿಗೆ ನಾಯಿ ನಿದ್ದೆ ಮಾಡ್ತಿದೆ, ಒಳಗೆ ಎಲ್ಲ ಕೇಳಿಸ್ತಿರುತ್ತೆ. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಹಾಕಬೇಡಿ.

ಬಾಸ್_ಹನುಮ
ನಾಯಿಗೂ ಡಿಪ್ರೆಶನ್ ಮಾತ್ರೆ. ಮುಗೀತು ಕಥೆ.

ಶಿವಮೊಗ್ಗ_ವೆಟ್
@ಬಾಸ್_ಹನುಮ ಮನೆಯವರು ಬಿಟ್ಟು ಹೋದಾಗ ನಾಯಿಗಳಿಗೆ ಬರೋ ಬೇರ್ಪಡಿಕೆ ಆತಂಕಕ್ಕೆ ಅಂತಲೇ ಅಮೆರಿಕದಲ್ಲಿ ಅನುಮೋದನೆ ಪಡೆದಿರೋ ಔಷಧಿ ಫ್ಲೂಆಕ್ಸೆಟಿನ್. ನಿಮ್ಮ ಸಂತೆ ನಾಯೀನೂ ಒಂದ್ಸಲ ಕರ್ಕೊಂಡು ಬನ್ನಿ ಸರ್, ಬೈಯಲ್ಲ.

ಮಲೆನಾಡ_ಮಳೆ
ಮುದ್ದು ಮಾಡಿದ್ರೆ ಹೆದರಿಕೆ ಜಾಸ್ತಿ ಆಗುತ್ತೆ ಅಂತ ಮೇಲೆ ಹೇಳಿದ್ರಲ್ಲ, ಅದು ನಿಜಾನಾ? ನಮ್ಮ ಟ್ರೈನರ್ ಕೂಡ ಹಾಗೇ ಹೇಳಿದ್ದ. ಗುಡುಗು ಬಂದಾಗ ನಮ್ಮ ಟಾಮಿ ಮಡಿಲು ಹತ್ತಿದ್ರೆ ಇಳಿಸಿಬಿಡಿ ಅಂತ.

ಬಾಲಂಗೋಚಿ
ಇಳಿಸಬೇಡಿ. ಕೂತ್ಕೊಂಡಿದ್ದಕ್ಕೆ ತಿಂಡಿ ಕೊಟ್ರೆ ಕೂರೋದು ಜಾಸ್ತಿ ಆಗುತ್ತೆ, ಯಾಕಂದ್ರೆ ಕೂರೋದು ಅದರ ಕೈಲಿರೋ ಕೆಲಸ. ಭಯ ಹಾಗೆ ಬೇಕಂತ ಮಾಡೋದಲ್ಲ. ಟಾಮಿ ತಾನಾಗಿ ನಿಮ್ಮ ಹತ್ತಿರ ಬಂದ್ರೆ ಧಾರಾಳವಾಗಿ ತಬ್ಬಿ. ಚುಕ್ಕಿ ವಿಷಯ ಬೇರೆ. ಅವಳಿಗೆ ಈಗ ಮನುಷ್ಯರ ಕೈಯೇ ಗುಡುಗು.

ಸಂಪಿಗೆ_ಮರ
ಇಷ್ಟೊಂದು ಜನ ಬರ್ದಿದ್ದೀರಾ, ಥ್ಯಾಂಕ್ಸ್. ಒಂದು ಡೌಟು. ನಿನ್ನೆ ನಾನು ಕೈ ಚಾಚಿದಾಗ ಕೈ ಕಡೆ ನೋಡ್ದೆ ತುಟಿ ನೆಕ್ಕೊಂಡ್ಳು, ಆಮೇಲೆ ದೊಡ್ಡದಾಗಿ ಆಕಳಿಸಿದ್ಳು. ಹಸಿವಾಗಿ ನಿದ್ದೆ ಬಂದಿರಬೇಕು, ಅಂದ್ರೆ ಸ್ವಲ್ಪ ಹಗುರ ಆಗಿದ್ದಾಳೆ ಅಲ್ವಾ?

ಕಂತ್ರಿ_ಅಭಿಮಾನಿ
ಇಲ್ಲ ರೀ. ಊಟ ಎದುರಿಗಿಲ್ಲದಾಗ ತುಟಿ ನೆಕ್ಕೋದು, ನಿದ್ದೆ ಇಲ್ಲದಾಗ ಆಕಳಿಸೋದು, ಮುಖ ಆ ಕಡೆ ತಿರುಗಿಸೋದು, ಮುಂಗಾಲು ಒಂದನ್ನ ಎತ್ತಿ ಹಿಡಿಯೋದು, ಕಣ್ಣಿನ ಬಿಳಿ ಅರ್ಧಚಂದ್ರದ ಥರ ಕಾಣೋದು, ಎಲ್ಲ "ಸ್ವಲ್ಪ ದೂರ ಇರು" ಅಂತ ಮರ್ಯಾದೆಯಾಗಿ ಕೇಳೋ ರೀತಿ. ನಾರ್ವೆಯ ತರಬೇತುದಾರ್ತಿ ಟುರಿಡ್ ರುಗೋಸ್ ಇದನ್ನ ಜನಕ್ಕೆ ಪರಿಚಯ ಮಾಡಿಸಿದ್ದು. ಕೇಳಿದ್ದು ಪದೇ ಪದೇ ನಡೀದೇ ಹೋದ್ರೆ ನಾಯಿ ಕೇಳೋದು ಬಿಟ್ಟು ಸೀದಾ ಗುರ್ ಅನ್ನೋದಕ್ಕೆ ಹೋಗುತ್ತೆ. ಗುರ್ ಅಂದಾಗ ಬೈದ್ರೆ ಅದನ್ನೂ ಬಿಟ್ಟು ಕಚ್ಚೋದಕ್ಕೆ.

ನೆಲದ ಮೇಲೂ ಕಣ್ಣಿಡಿ. ಅವಳು ನಡೆದ ಕಡೆ ಒದ್ದೆ ಪಾದದ ಗುರುತು ಇದ್ಯಾ? ನಾಯಿಗಳಿಗೆ ಅಂಗಾಲಲ್ಲಿ ಬೆವರು ಬರುತ್ತೆ. ಸೆಕೆ ಇಲ್ಲದ ರಾತ್ರೀಲೂ ಮೊಸಾಯಿಕ್ ಮೇಲೆ ಗುರುತು ಮೂಡಿದ್ರೆ ಅವಳು ಆತಂಕದಲ್ಲೇ ಊಟಕ್ಕೆ ಬಂದು ಹೋಗ್ತಿದ್ದಾಳೆ ಅಂತ.

ಸಂಪಿಗೆ_ಮರ
ಅಯ್ಯೋ. ಇದೆ. ನಾನು ನೀರಿನ ಬಟ್ಟಲಲ್ಲಿ ಕಾಲಿಟ್ಟಿದ್ದಾಳೆ ಅಂದ್ಕೊಂಡು ಒರೆಸ್ತಿದ್ದೆ.

ನೇರ_ಮಾತು
ಎಲ್ಲ ಸರಿ, ಕಚ್ಚಿದ್ರೆ? ರೇಬಿಸ್ ಬಂದ್ರೆ ಈ ತರಬೇತುದಾರರು ಬರ್ತಾರಾ?

ಶಿವಮೊಗ್ಗ_ವೆಟ್
ಇದು ಸರಿಯಾದ ಪ್ರಶ್ನೆ. ಸಂಪಿಗೆಯವರೇ, ರೇಬಿಸ್ ಲಸಿಕೆ ಹಾಕಿಸಿದ ಕಾರ್ಡ್ ರೆಸ್ಕ್ಯೂನವರಿಂದ ಇಸ್ಕೊಳ್ಳಿ. ಇಲ್ಲಾಂದ್ರೆ ಮೊದಲ ಭೇಟಿಯಲ್ಲೇ ಹಾಕಿಸಿ. ಸಣ್ಣ ಗೀರಾದ್ರೂ ಸೋಪು ಹಾಕಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದನ್ನೂ ಹಚ್ಚಬೇಡಿ. ಫಾಸ್ಟರ್ ಮಾಡೋರು ಮುಂಚೆಯೇ ತಮಗೆ ಲಸಿಕೆ ಹಾಕಿಸ್ಕೊಂಡ್ರೆ ಇನ್ನೂ ಒಳ್ಳೇದು.

ಕಡಲತಡಿ
ಮತ್ತೊಂದು, ಖರ್ಚು ಯಾರದ್ದು ಅಂತ ಬರವಣಿಗೆಯಲ್ಲಿ ಉಂಟಾ? ಫಾಸ್ಟರ್ ಅಂದ್ರೆ ಜಾಗ, ಊಟ, ಪ್ರೀತಿ ನಿಮ್ಮದು, ವೈದ್ಯರ ಬಿಲ್ಲು ಅವರದ್ದು ಅಂತ ಸಾಮಾನ್ಯವಾಗಿ ಮಾತು. ಎಷ್ಟೋ ಕಡೆ ನಾಯಿ ಬಿಟ್ಟ ಮೇಲೆ ಫೋನೇ ಎತ್ತುವುದಿಲ್ಲ.

ಸಂಪಿಗೆ_ಮರ
ಬರವಣಿಗೇಲಿ ಏನೂ ಇಲ್ಲ. ಫೋನ್ ಎತ್ತುತ್ತಾರೆ, "ಎರಡು ತಿಂಗಳಲ್ಲಿ ಯಾರಾದ್ರೂ ದತ್ತು ತಗೊಂಡ್ಬಿಡ್ತಾರೆ" ಅಂತಾನೇ ಹೇಳ್ತಾರೆ. 3-3-3 ಅಂತ ಏನೋ ಕಳ್ಸಿದ್ರು, ಮೂರು ದಿನಕ್ಕೆ ಸುಧಾರಿಸ್ಕೋತಾಳೆ, ಮೂರು ವಾರಕ್ಕೆ ದಿನಚರಿ ಕಲೀತಾಳೆ, ಮೂರು ತಿಂಗಳಿಗೆ ನಮ್ಮವಳಾಗ್ತಾಳೆ ಅಂತ. ಮೂರು ದಿನ ಯಾವಾಗ್ಲೋ ಹೋಯ್ತು.

ಜರ್ಮನಿಯ_ಜೋಳ
ಆ ಲೆಕ್ಕ ಮರೆತುಬಿಡಿ. ಅದು ಗೋಡೆಗೆ ಅಂಟಿಸೋಕೆ ಚೆಂದ, ಅದರ ಹಿಂದೆ ಅಧ್ಯಯನ ಗಿಧ್ಯಯನ ಏನಿಲ್ಲ. ಸಾಧಾರಣ ನಾಯಿಗೆ ಹೊಂದಬಹುದು. ಮರಿಗಳು 3ನೇ ವಾರದಿಂದ ಸುಮಾರು 12-14ನೇ ವಾರದೊಳಗೆ ಕಂಡದ್ದು ಕೇಳಿದ್ದನ್ನ "ಇದು ಮಾಮೂಲು" ಅಂತ ಒಪ್ಕೊಳ್ತವೆ. ಆ ಹೊತ್ತಲ್ಲಿ ಚುಕ್ಕೀನ ತೋಟದಲ್ಲಿ ಕಟ್ಟಿಹಾಕಿದ್ರು ಅಂತಾದ್ರೆ ಕುಕ್ಕರ್, ಪೊರಕೆ, ಫ್ಯಾನು, ಮಿಕ್ಸಿ ಒಂದನ್ನೂ ಕಂಡಿಲ್ಲ. ಈಗ ಒಂದೊಂದಾಗಿ ಕಲೀಬೇಕು. ನಮ್ಮ ರೊಮೇನಿಯಾದವನು ಇವತ್ತಿಗೂ ಛತ್ರಿ ಬಿಚ್ಚಿದ್ರೆ ಪಕ್ಕದ ರೂಮಿಗೆ ಹೋಗ್ತಾನೆ. ಹೋಗ್ಲಿ ಬಿಡಿ, ನಾನೂ ಅತ್ತೆಮನೆ ಫೋನ್ ಬಂದ್ರೆ ಪಕ್ಕದ ರೂಮಿಗೆ ಹೋಗ್ತೀನಿ.

ಮಲೆನಾಡ_ಮಳೆ
ಇನ್ನೊಂದು ನಾಯಿ ಜೊತೆ ಬಿಟ್ರೆ ಬೇಗ ಕಲಿಯುತ್ತೆ ಅಂತಾರಲ್ಲ?

ಬಾಲಂಗೋಚಿ
ಬಹಳ ಸಲ ಹೌದು. ಮನುಷ್ಯರನ್ನ ಕಂಡ್ರೆ ಭಯ, ನಾಯಿಗಳನ್ನ ಕಂಡ್ರೆ ಸಮಾಧಾನ ಅನ್ನೋ ನಾಯಿಗೆ ಶಾಂತ ಸ್ವಭಾವದ ಇನ್ನೊಂದು ನಾಯಿ ಸಿಕ್ರೆ ನಾವು ತಿಂಗಳುಗಟ್ಟಲೆ ಮಾಡೋದನ್ನ ಅದು ಬೇಗ ಮಾಡುತ್ತೆ. ಆ ನಾಯಿ ನಿಮ್ಮ ಕೈಯಿಂದ ತಿನ್ನೋದನ್ನ ಇವಳು ನೋಡ್ತಾಳೆ. ಆದ್ರೆ ಇಬ್ಬರನ್ನೂ ಒಂದೇ ಕೋಣೆಗೆ ಬಿಟ್ಟು ಬಾಗಿಲು ಹಾಕಬೇಡಿ. ಕಾಂಪೌಂಡಲ್ಲಿ ದೂರ ದೂರ ಒಂದೇ ದಿಕ್ಕಿಗೆ ನಡೆಸಿ, ಅಂತರ ನಿಧಾನಕ್ಕೆ ಕಮ್ಮಿ ಮಾಡಿ. ಕುಣಿದು ಮೇಲೆ ಬೀಳೋ ಮರಿ ಬೇಡವೇ ಬೇಡ.

ಕಂತ್ರಿ_ಅಭಿಮಾನಿ
ನಾನು ಯಲಹಂಕದಲ್ಲೇ ಇರೋದು. ನಮ್ಮ ಕರಿಯ ಬೀದಿಯವನು, ವಯಸ್ಸಾಗಿದೆ, ಪ್ರಪಂಚದಲ್ಲಿ ಅವನಿಗೆ ಯಾವುದರ ಮೇಲೂ ಆಸಕ್ತಿ ಇಲ್ಲ. ಬೇಕಾದಾಗ ಹೇಳಿ, ಭಾನುವಾರ ಕರ್ಕೊಂಡು ಬರ್ತೀನಿ.

ಸಂಪಿಗೆ_ಮರ
ಅಪ್‌ಡೇಟ್ ಕೇಳ್ತಿದ್ರಿ ಎಲ್ಲ. ಡಾಕ್ಟರ್ ಮನೆಗೇ ಬಂದು ನೋಡಿದ್ರು. ಎಡಗಿವಿ ಒಳಗೆ ಪೂರ್ತಿ ಸೋಂಕು ಇತ್ತಂತೆ, ಅದಕ್ಕೇ ಆ ಕಡೆ ಹೋದ್ರೆ ಜಾಸ್ತಿ ಕುಗ್ತಿದ್ಳು. ಕಿವಿಗೆ ಔಷಧಿ, ದಿನದ ಮಾತ್ರೆ ಎರಡೂ ಶುರುವಾಗಿದೆ. ಬಿಲ್ಲು ರೆಸ್ಕ್ಯೂನವರು ಅರ್ಧ ಕೊಟ್ರು.

ಟೇಬಲ್ ಕೆಳಗೆ ಶಿಫ್ಟ್ ಆಗಿದ್ದಾಳೆ!! ಮಷೀನ್ ಬಿಡುಗಡೆ. ಅತ್ತೆ ದಿನಾ ಮಧ್ಯಾಹ್ನ ಟೇಬಲ್‌ನಿಂದ ದೂರ ಕೂತು ಹೂ ಕಟ್ತಾ ಲಲಿತಾ ಸಹಸ್ರನಾಮ ಹೇಳ್ಕೋತಾರೆ. ನಾಯಿಗೋಸ್ಕರ ಅಲ್ಲ ಅಂತಾರೆ, ಆದ್ರೆ ಮೊದಲು ದೇವರ ಮನೇಲಿ ಕೂತ್ಕೋತಿದ್ರು. ಹೂವಿನ ಬುಟ್ಟಿ ಪಕ್ಕ ಲಿವರ್ ಡಬ್ಬಿ ಇಡೋಕೆ ಬಿಡಲ್ಲ, ಮಡಿ. ಹಾಗಾಗಿ ಅವರು ಎಸೆಯೋದು ಪನೀರ್. ಎಸೆದು "ತಗೋ ದರಿದ್ರದೋಳೆ" ಅಂತಾರೆ. ನಿನ್ನೆ ಅವರು ನಾಮ ಮುಗಿಸಿ ಸುಮ್ನಾದಾಗ ಚುಕ್ಕಿ ಬೆಡ್‌ಶೀಟ್ ಕೆಳಗಿಂದ ಮೂತಿ ಹೊರಗೆ ಹಾಕಿ ಕಾಯ್ತಿದ್ಳು.

ಜಯನಗರದಜ್ಜಿ
ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಮ್ಮ.

ಬಾಸ್_ಹನುಮ
ಪನೀರ್ ಕೊಟ್ರೆ ಯಾರಾದ್ರೂ ಬರ್ತಾರೆ. ಪನೀರ್ ಇಲ್ದೆ ಬರ್ತಾಳಾ ಹೇಳಿ.

ರಾಗಿಮುದ್ದೆ
ಸಂಬಳ ಇಲ್ದೆ ನೀವು ಆಫೀಸಿಗೆ ಹೋಗ್ತೀರಾ ಹೇಳಿ.

ಬಾಲಂಗೋಚಿ
ಚೆನ್ನಾಗಿದೆ! ಈ ಹಂತದಲ್ಲಿ ಆಸೆ ಬಿದ್ದು ಮುಂದಕ್ಕೆ ಹಾರಬೇಡಿ. ಒಂದೇ ದಿನ ಕುಕ್ಕರ್, ನೆಂಟರು, ಡಾಕ್ಟರ್ ಮೂರೂ ಆದ್ರೆ ಒಂದೊಂದನ್ನ ತಡ್ಕೊಳ್ಳೋ ನಾಯೀನೂ ಮೂರನೇದಕ್ಕೆ ಕೈಮೀರುತ್ತೆ. ಅಂಥ ದಿನದ ಮಾರನೇ ದಿನ ಯಾವ ಪಾಠವೂ ಬೇಡ, ರಜೆ. ಹಳೇ ಟವೆಲ್ ಸುರುಳಿ ಸುತ್ತಿ ಒಳಗೆ ತಿಂಡಿ ಸಿಕ್ಕಿಸಿ ಕೊಡಿ, ಮೂಸಿ ಹುಡುಕಲಿ. ಮೂಸೋದ್ರಿಂದ ನಾಯಿ ತಾನಾಗಿ ಹಗುರಾಗುತ್ತೆ, ಹುಡುಕಿ ಗೆದ್ದ ಧೈರ್ಯ ಬೇರೆ.

ಮುಟ್ಟೋ ದಿನ ಬಂದಾಗ: ತಲೆ ಮೇಲಿಂದ ಕೈ ತರಬೇಡಿ. ಎದೆ ಪಕ್ಕ ಮೂರು ಸೆಕೆಂಡ್ ಕೆರೆದು ಕೈ ತೆಗೀರಿ. ಅವಳು ವಾಲಿದ್ರೆ ಇನ್ನೊಂದು ಮೂರು ಸೆಕೆಂಡ್. ಸುಮ್ಮನೆ ನಿಂತ್ರೆ ಬೇಡ ಅಂತ.

ಮಲೆನಾಡ_ಮಳೆ
ದೀಪಾವಳಿಗೆ ಏನ್ ಮಾಡ್ತೀರಾ? 2018ರಲ್ಲೇ ಸುಪ್ರೀಂ ಕೋರ್ಟ್ ರಾತ್ರಿ 8ರಿಂದ 10 ಮಾತ್ರ ಅಂತ ಹೇಳಿದ್ದು, ನಮ್ಮ ಬೀದೀಲಿ ಬೆಳಗಿನ ಜಾವ ನಾಲ್ಕಕ್ಕೇ ಲಕ್ಷ್ಮೀ ಪಟಾಕಿ.

ಕಡಲತಡಿ
ಕಿಟಕಿಗೆ ರಜಾಯಿ ಹೊದೆಸಿ, ಫ್ಯಾನು ಜೋರು, ಟಿವಿ ಹಾಕಿ. ಸಂಜೆ ಆರಕ್ಕೆ ಮೊದಲೇ ಊಟ, ಉಚ್ಚೆ ಎಲ್ಲ ಮುಗಿಸಿ. ಹಬ್ಬದ ದಿನಗಳಲ್ಲಿ ಮುಂಬಾಗಿಲಿಗೂ ನಾಯಿ ಇರುವ ಕೋಣೆಗೂ ಮಧ್ಯೆ ಇನ್ನೊಂದು ಬಾಗಿಲು ಹಾಕಿಯೇ ಇರಬೇಕು. ಸಿಹಿ ಕೊಡಲು ಬಂದ ನೆರೆಮನೆಯವರಿಗೆ ಬಾಗಿಲು ತೆಗೆದಾಗಲೇ ನಾಯಿಗಳು ಓಡುವುದು.

ಸಂಪಿಗೆ_ಮರ
ಎಲ್ಲ ಬರ್ಕೊಂಡಿದ್ದೀನಿ. ರೆಸ್ಕ್ಯೂನವರಿಗೆ ಎರಡು ತಿಂಗಳು ಅನ್ನೋ ಮಾತು ಬಿಡಿ, ದೀಪಾವಳಿ ಆಗೋವರೆಗೆ ಯಾರಿಗೂ ತೋರಿಸ್ಬೇಡಿ ಅಂದೆ. ಒಪ್ಕೊಂಡ್ರು. ನೋಡೋಕೆ ಬರೋರು ಕೂಡ ಎತ್ಕೊಂಡು ಹೋಗೋಕೆ ಬರದೆ ಮೂರ್ನಾಲ್ಕು ಸಲ ಸುಮ್ನೆ ಬಂದು ಕೂತು ಹೋಗಬೇಕು ಅಂತ ಷರತ್ತು ಹಾಕಿದ್ದೀನಿ. ಯಜಮಾನ್ರು ಈಗ ಎಳೆಯೋ ಮಾತು ಬಿಟ್ಟಿದ್ದಾರೆ, ಒಳಗೆ ಬರುವಾಗ ಹೆಲ್ಮೆಟ್ ಗೇಟಲ್ಲೇ ತೆಗೆದಿಟ್ಟು ಬರ್ತಾರೆ.

ಈಗ ಹಾರ್ನೆಸ್. ಮೂರು ಪಟ್ಟಿದು ಅಂಗಡೀಲಿ ಸಿಗ್ಲಿಲ್ಲ, ಬ್ಯಾಗ್ ಹೊಲಿಯೋನು ಮಾಡ್ಕೊಡ್ತೀನಿ ಅಂದ. ಕತ್ತು, ಎದೆ, ಸೊಂಟದ ಅಳತೆ ತನ್ನಿ ಅಂತಾನೆ. ಮುಟ್ಟೋಕೇ ಬಿಡದೋಳ ಸೊಂಟ ಹೇಗ್ರೀ ಅಳೀಲಿ?

ಮುಧೋಳದಾಂವ
ಅದಕ್ಯಾಕ ಚಿಂತಿ ಮಾಡತೀರಿ ಅಕ್ಕಾರ. ನಮ್ಮನಿ ಹೆಣ್ಣ ನಾಯಿ ಅದ ವಯಸ್ಸಿಂದು, ನಾಳೆ ಟೇಪ್ ಹಿಡಿದು ಅಳತಿ ಕಳಸತೀನಿ. ಬಕಲ್ ಮೂರಕ್ಕ ಮೂರೂ ಸಡಿಲ ಬಿಗಿ ಆಗೂವಂಥವು ಹಾಕಸ್ರಿ, ಎರಡ ಬೆರಳ ಹಿಡಿಯೂವಷ್ಟ ಜಾಗಾ ಇರಲಿ. ಹೊಟ್ಟಿ ಕಡೆ ಪಟ್ಟಿಗೆ ಮೆತ್ತಗಿನ ಅರಬಿ ಹಚ್ಚಾಕ ಹೇಳ್ರಿ, ಈ ನಾಯಿ ಚರ್ಮ ಭಾಳ ತೆಳು, ನೈಲಾನ್ ತಿಕ್ಕಿದ್ರ ಹುಣ್ಣ ಆಗತೈತಿ.

ರಾಗಿಮುದ್ದೆ
ಹೊಲಿಸಿದ ಮೇಲೆ ಹಾಕೋದು ಹೇಗೆ ಅನ್ನೋದಕ್ಕೆ ಹೊಸ ಪೋಸ್ಟ್ ಮಾಡಿ, ಇದು ಲೋಡ್ ಆಗೋಕೇ ಅರ್ಧ ಗಂಟೆ ತಗೋತಿದೆ.